ಕಾಲು ಬದಲಿಸುವ ಗಳಿಗೆ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹಾಯಿ ಸ್ಪರ್ಧೆಗಳು ನಡೆದದ್ದು ಮಾರ್ಸೇಲ್ ನಗರದ ಕಡಲಿನಲ್ಲಿ. ದೊಡ್ಡ ಗಾಳಿಪಟವೊಂದು ಎಳೆದಂತೆ ಹಲಗೆಯ ಮೇಲೆ ನಿಂತು ಓಡುವ ಕೈಟ್ ಫಾಯಿಲಿಂಗ್‌ಗೆ ಒಲಿಂಪಿಕ್ ಪದಕದ ಮಾನ ದೊರೆತದ್ದು ಅದೇ ಮೊದಲು. ಆಸ್ಟ್ರಿಯದ ವ್ಯಾಲೆಂಟಿನ್ ಬೊಂಟಸ್, ಬ್ರಿಟನ್ನಿನ ಎಲ್ಲಿ ಆಲ್ಡ್ರಿಜ್ ಚಿನ್ನ ಗೆದ್ದರು. 17 ವರ್ಷದ ಮ್ಯಾಕ್ಸ್ ಮೇಡರ್ ಸಿಂಗಾಪುರಕ್ಕೆ ಕಂಚು ತಂದ. ಅವರ ವೇಗವನ್ನು ಎಲ್ಲರೂ ಕೊಂಡಾಡಿದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅವರು ತಿರುಗಿ, ಕಾಲು ಬದಲಿಸುವ ಆ ಒಂದು ಗಳಿಗೆ.

ಈ ಹಲಗೆಯ ಅಡಿಯಲ್ಲಿ ಸುಮಾರು ಒಂದು ಮೀಟರ್ ಉದ್ದದ ಕಂಬ, ಅದರ ತುದಿಗೆ ನೀರೊಳಗೆ ಚಾಚಿದ ರೆಕ್ಕೆಗಳು. ವೇಗ ಹೆಚ್ಚಿದಂತೆ, ವಿಮಾನದ ರೆಕ್ಕೆ ಗಾಳಿಯಲ್ಲಿ ಮಾಡುವುದನ್ನೇ ಇವು ನೀರಿನಲ್ಲಿ ಮಾಡುತ್ತವೆ. ಹಲಗೆಯೂ ಅದರ ಮೇಲಿನ ಮನುಷ್ಯನೂ ಅಲೆಗಳನ್ನು ಬಿಟ್ಟು ಮೇಲೇಳುತ್ತಾರೆ. ಮುಂಗಾಲಿನ ಭಾರವೇ ಆ ಏರಿಕೆಯನ್ನು ಹತೋಟಿಯಲ್ಲಿಡುವುದು. ಆ ಕಾಲನ್ನು ಎತ್ತಿದರೆ ಹಲಗೆ ಇನ್ನೂ ಮೇಲೇರುತ್ತದೆ, ರೆಕ್ಕೆ ನೀರಿನಿಂದ ಹೊರಬಂದು ಆಧಾರ ಕಳೆದುಕೊಳ್ಳುತ್ತದೆ, ಮನುಷ್ಯ ಬೀಳುತ್ತಾನೆ. ಆದರೂ ಕಾಲೆತ್ತಲೇಬೇಕು, ಏಕೆಂದರೆ ಈ ಹಲಗೆಗೆ ಮೂತಿಯೊಂದು, ಬಾಲವೊಂದು ಉಂಟು, ಹೋದವನು ಮರಳಿ ಬರುವಾಗ ಹಿಂದಿದ್ದ ಕಾಲು ಮುಂದಾಗಬೇಕು.

ಹಾಗೆಂದು ಕಾಲು ಬದಲಿಸದೆ ತಿರುಗಲಾಗದು ಎಂದಲ್ಲ. ಕಲಿಯುವವರು ಮೊದಲು ಹಳೆಯ ನಿಲುವಿನಲ್ಲೇ ತಿರುಗಿ, ಮೈಯನ್ನು ಹಿಂಡಿಕೊಂಡು, ಕಾಲ್ಬೆರಳ ಕಡೆಗೆ ಒರಗಿ ಸಾಗುತ್ತಾರೆ. ಅದೂ ಕಲಿಯಬೇಕಾದ ಹಂತವೇ. ಆದರೆ ಅಲ್ಲೇ ಉಳಿದುಬಿಡುವ ಆಸೆ ಎಷ್ಟು ಬಲವಾದದ್ದು! ಒಂದು ಮಗ್ಗುಲಿನಲ್ಲಿ ಈಗಾಗಲೇ ಪಳಗಿದವನಿಗೆ ಇನ್ನೊಂದು ಮಗ್ಗುಲಿನಲ್ಲಿ ಮತ್ತೆ ಎಳೆಯನಾಗುವುದು ಹಿತವೆನಿಸೀತೆ?

ಬದುಕಿನಲ್ಲಿ ನಾವು ಬಹುಪಾಲು ಹೀಗೆಯೇ ಇದ್ದೇವೇನೋ. ದಿಕ್ಕು ನಮ್ಮನ್ನು ಕೇಳದೆಯೇ ಬದಲಾಗುತ್ತದೆ: ಮಗಳು ಬೆಳೆದು ನಿಲ್ಲುತ್ತಾಳೆ, ನೌಕರಿ ಮುಗಿಯುತ್ತದೆ, ಆಸರೆಯಾಗಿದ್ದ ತಾಯಿಗೆ ನಾವೇ ಆಸರೆಯಾಗಬೇಕಾಗುತ್ತದೆ. ನಿಲುವನ್ನು ಮಾತ್ರ ನಾವೇ ಬದಲಿಸಿಕೊಳ್ಳಬೇಕು. ನಿವೃತ್ತರಾದ ಮೇಲೂ ಮನೆಯಲ್ಲಿ ಕಚೇರಿಯ ದನಿಯಲ್ಲೇ ಮಾತನಾಡುವ ಹಿರಿಯರು ಕೆಟ್ಟವರೇನಲ್ಲ; ಹೊಸ ದಿಕ್ಕಿನಲ್ಲಿ ಹಳೆಯ ಕಾಲಿನ ಮೇಲೆ ನಿಂತಿದ್ದಾರೆ, ಅಷ್ಟೆ. ಅವರ ಮೈ ಎಷ್ಟು ನೋಯುತ್ತಿದೆಯೆಂದು ನಾವು ಎಂದಾದರೂ ಯೋಚಿಸಿದ್ದೇವೆಯೇ?

ಹಲಗೆಯ ಮೇಲೆ ಕಾಲು ಬದಲಿಸುವ ಬಗೆಯಲ್ಲಿ ಒಂದು ಕರುಣೆಯಿದೆ. ಹೊಸಬರು ಹಾರುತ್ತಲೇ ಹೆಜ್ಜೆ ಬದಲಿಸಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ. ಹಲಗೆಯನ್ನು ನೀರಿಗೆ ಇಳಿಸಿ, ಅದು ತೇಲುತ್ತಿರುವಾಗ ಕಾಲು ಬದಲಿಸಿ, ಮತ್ತೆ ಮೇಲೇಳಬಹುದು. ಎತ್ತರವನ್ನು ಸ್ವಲ್ಪ ಹೊತ್ತು ಬಿಟ್ಟುಕೊಡುವುದು ಇಲ್ಲಿ ಸೋಲಲ್ಲ. ಮುಂದೆ ಪಳಗಿದ ಮೇಲೆ, ಗಾಳಿಪಟ ಮೇಲಕ್ಕೆಳೆದು ದೇಹ ಹಗುರಾಗುವ ಗಳಿಗೆಯನ್ನು ಕಾದು, ಅಡ್ಡೆ ಹೊತ್ತವನು ನಡೆಯುತ್ತಲೇ ಹೆಗಲು ಬದಲಿಸುವ ಹಾಗೆ, ಅವರು ಹೆಜ್ಜೆ ಬದಲಿಸುತ್ತಾರೆ. ಆಗಲೂ ಕಣ್ಣು ಕಾಲಿನ ಮೇಲಿರಕೂಡದು, ಹೋಗಬೇಕಾದ ಕಡೆಗಿರಬೇಕು. ಕಾಲನ್ನೇ ನೋಡಿದವನ ತಲೆ ಬಾಗುತ್ತದೆ, ತಲೆಯ ಹಿಂದೆಯೇ ಮೈಭಾರವೂ ವಾಲುತ್ತದೆ.

ಎರಡು ನಿಲುವುಗಳ ನಡುವಿನ ಆ ಅರೆಕ್ಷಣ ಯಾರಿಗೂ ಚೆಂದವಾಗಿ ಕಾಣಿಸುವುದಿಲ್ಲ. ಕೈ ತಡವರಿಸುತ್ತದೆ, ಮೊಣಕಾಲು ನಡುಗುತ್ತದೆ. ನಿಮ್ಮ ಮನೆಯಲ್ಲಿಯೂ ಈಗ ಯಾರೋ ಹಾಗೆ ಕಾಲು ಬದಲಿಸುತ್ತಿರಬಹುದು. ಅವರನ್ನು ಆ ಗಳಿಗೆಯ ತಡವರಿಕೆಯಿಂದ ಅಳೆಯಬೇಡಿ. ಅವರು ನಿಲ್ಲುವವರೆಗೆ ತುಸು ಕಾಯಿರಿ.