ಹಡಗಲ್ಲದ ಶಿಪ್ಪು

ಅಣ್ಣನ ಮಗಳು ಈಗ ಆರನೇ ತರಗತಿ. ಮೊನ್ನೆ ಅವಳ ಇಂಗ್ಲಿಷ್ ನೋಟ್‌ಬುಕ್ ತೆರೆದು ನೋಡಿದೆ. ಒಂದು ಪುಟದ ತುಂಬ ‘ಶಿಪ್’ ಎಂದು ಕೊನೆಯಾಗುವ ನಾಮಪದಗಳು: ಫ್ರೆಂಡ್‌ಶಿಪ್, ಹಾರ್ಡ್‌ಶಿಪ್, ಓನರ್‌ಶಿಪ್, ಕಿನ್‌ಶಿಪ್, ಸ್ಕಾಲರ್‌ಶಿಪ್, ವರ್ಶಿಪ್, ಸ್ಟೀಮ್‌ಶಿಪ್. ಕನ್ನಡದ ಅರ್ಥ ಬರೆದು ತರಬೇಕಂತೆ. ಅರ್ಥಕ್ಕೆ ಕೈಹಾಕುವ ಮೊದಲೇ ಅವಳು ಒಂದೊಂದು ಪದದ ಪಕ್ಕದಲ್ಲೂ ಪೆನ್ಸಿಲ್‌ನಲ್ಲಿ ಪುಟ್ಟ ಹಡಗು ಬಿಡಿಸಿದ್ದಳು. ಫ್ರೆಂಡ್‌ಶಿಪ್ಪಿನ ಹಡಗಿನಲ್ಲಿ ಇಬ್ಬರು ಹುಡುಗಿಯರು ಕೈ ಬೀಸುತ್ತಿದ್ದರು. ಹಾರ್ಡ್‌ಶಿಪ್ಪಿನದು ಅಲೆಗೆ ಸಿಕ್ಕಿ ಓರೆಯಾಗಿತ್ತು.

“ಚಿಕ್ಕಪ್ಪ, ಇವರಿಗೆ ಎಲ್ಲದಕ್ಕೂ ಹಡಗೇ ಯಾಕೆ ಬೇಕು?” ಎಂದಳು.

ಎಷ್ಟೋ ವರ್ಷದಿಂದ ಈ ಪದಗಳನ್ನು ಆಡುತ್ತಿರುವ ನಾವು ಈ ಪ್ರಶ್ನೆ ಕೇಳಿಕೊಂಡೇ ಇರುವುದಿಲ್ಲ. ಇಬ್ಬರೂ ನಿಘಂಟು ಹಿಡಿದು ಕೂತೆವು.

ನೀರಿನ ಮೇಲೆ ಹೋಗುವ ಶಿಪ್ ಬೇರೆ, ಸ್ನೇಹದ ಬಾಲಕ್ಕೆ ಅಂಟಿಕೊಂಡ ಶಿಪ್ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಹಡಗಿಗೆ ‘ಶಿಪ್’ ಎಂದೇ ಹೆಸರು. ಇನ್ನೊಂದು ‘ಶಿಪೆ’ ಎಂಬ ಪ್ರತ್ಯಯ. ಕಾಲ ಕಳೆದಂತೆ ಕೊನೆಯ ಎಕಾರ ಸವೆದುಹೋಗಿ ಎರಡೂ ಒಂದೇ ಮುಖದವಾದವು. ಈ ಪ್ರತ್ಯಯದ ನಿಜವಾದ ನೆಂಟ ‘ಶೇಪ್’, ಅಂದರೆ ಆಕಾರ ಕೊಡುವುದು, ರೂಪಿಸುವುದು. ಆ ಕಾಲದ ಇಂಗ್ಲಿಷರು ಸೃಷ್ಟಿಕರ್ತನನ್ನು ಕರೆಯುತ್ತಿದ್ದುದೂ ಇದೇ ಧಾತುವಿನ ಒಂದು ಪದದಿಂದ. ಜರ್ಮನ್ ಭಾಷೆಯಲ್ಲಿ ಇದು ‘ಶಾಫ್ಟ್’ ಆಗಿದೆ. ಗೆಳೆತನಕ್ಕೆ ಅವರು ಫ್ರಾಯಿಂಡ್‌ಶಾಫ್ಟ್ ಎನ್ನುತ್ತಾರೆ. ಹಾಗಾಗಿ ಫ್ರೆಂಡ್‌ಶಿಪ್ ಎಂದರೆ ಇಬ್ಬರನ್ನು ಹೊತ್ತು ಸಾಗುವ ವಾಹನವಲ್ಲ, ಗೆಳೆಯರಾಗಿರುವ ಸ್ಥಿತಿಗೆ ಬಂದಿರುವ ಒಂದು ರೂಪ. ಈ ವಿವರ ತಿಳಿದ ಮೇಲೆ ನನಗೆ ಆ ಪದ ಮೊದಲಿಗಿಂತ ಹೆಚ್ಚು ಇಷ್ಟವಾಯಿತು.

ವರ್ಶಿಪ್ಪಿನ ಕಥೆ ಇನ್ನೂ ಚೆನ್ನಾಗಿದೆ. ಅದನ್ನು ಬಿಡಿಸಿದರೆ ವರ್ತ್ ಮತ್ತು ಶಿಪ್. ವರ್ತ್ ಎಂದರೆ ಯೋಗ್ಯತೆ, ಬೆಲೆ. ಮೊದಲು ಅದಕ್ಕಿದ್ದ ಅರ್ಥ ಯೋಗ್ಯತೆಯುಳ್ಳವರಿಗೆ ಸಲ್ಲುವ ಗೌರವ ಎಂದಷ್ಟೆ. ಇಂಗ್ಲೆಂಡಿನಲ್ಲಿ ಮೇಯರ್‌ಗಳನ್ನು, ಮ್ಯಾಜಿಸ್ಟ್ರೇಟರನ್ನು ‘ಯುವರ್ ವರ್ಶಿಪ್’ ಎಂದು ಕರೆಯುವ ರೂಢಿಯಲ್ಲಿ ಆ ಹಳೆಯ ಅರ್ಥ ಉಳಿದುಕೊಂಡಿದೆ. ದೇವರ ಪೂಜೆ ಎಂಬ ಅರ್ಥ ಆಮೇಲೆ ಬಲಿತದ್ದು.

ಪಟ್ಟಿಯಲ್ಲಿ ಇಲ್ಲದಿದ್ದರೂ ಲಾರ್ಡ್‌ಶಿಪ್ ಎಂಬ ಪದವನ್ನು ಅವಳಿಗೆ ನಾನೇ ಕೊಟ್ಟೆ. ಬಾರ್ ಕೌನ್ಸಿಲ್ 2006ರಲ್ಲೇ ನಿಯಮ ತಂದು, ನ್ಯಾಯಾಧೀಶರನ್ನು ಹಾಗೆ ಸಂಬೋಧಿಸಬೇಕಿಲ್ಲ ಎಂದಿದ್ದರೂ ನಮ್ಮ ಕೋರ್ಟುಗಳಲ್ಲಿ ಇನ್ನೂ ಕೇಳಿಬರುವ ಪದ ಅದು. ಲಾರ್ಡ್ ಎಂಬುದರ ಮೂಲ ರೂಪದಲ್ಲಿ ಎರಡು ತುಂಡುಗಳಿವೆ: ರೊಟ್ಟಿ, ಮತ್ತು ಕಾಯುವವನು. ಲೇಡಿ ಎಂದರೆ ಮೂಲದಲ್ಲಿ ರೊಟ್ಟಿಯ ಹಿಟ್ಟು ನಾದುವವಳು. ಆ ಮನೆಯನ್ನು ನಂಬಿ ಬದುಕುವ ಆಳಿಗೂ ಒಂದು ಪದವಿತ್ತು, ರೊಟ್ಟಿ ತಿನ್ನುವವನು ಎಂದು. ಒಡೆಯ, ಒಡತಿ, ಆಳು ಮೂವರನ್ನೂ ಒಂದು ರೊಟ್ಟಿಯ ಸುತ್ತ ಕೂರಿಸಿದ ಭಾಷೆ ಅದು.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಜೋಳವಾಳಿ. ಪಾಳಿ ಎಂದರೆ ಕ್ರಮ, ಕಟ್ಟಳೆ. ಪದದ ನಡುವೆ ಬಂದಾಗ ಅದು ವಾಳಿಯಾಗುತ್ತದೆ. ಯಾರ ಮನೆಯ ಜೋಳ ಉಂಡೆವೋ ಅವರಿಗಾಗಿ ಪ್ರಾಣ ಕೊಡಲೂ ಸಿದ್ಧನಿರುವುದು ಜೋಳವಾಳಿ. ಪಂಪನ ಕರ್ಣನನ್ನು ದುರ್ಯೋಧನನ ಪಕ್ಕ ಕಟ್ಟಿಹಾಕಿದ್ದು ಈ ಜೋಳದ ಪಾಳಿಯೇ. ಹಳಗನ್ನಡದಲ್ಲಿ ವೇಳೆವಾಳಿ, ಲೆಂಕವಾಳಿ ಎಂಬ ಪದಗಳೂ ಇವೆ. ಮೂರರ ಬಾಲವೂ ಒಂದೇ, ಮೂರೂ ಒಡೆಯನಿಗೆ ಕೊಟ್ಟ ಮಾತಿನ ಪದಗಳೇ. ಅಲ್ಲಿ ರೊಟ್ಟಿ, ಇಲ್ಲಿ ಜೋಳ. ಒಬ್ಬರನ್ನೊಬ್ಬರು ನೋಡದ ಎರಡು ಭಾಷೆಗಳು ನಿಷ್ಠೆಯ ಲೆಕ್ಕವನ್ನು ಅನ್ನದಿಂದಲೇ ಶುರುಮಾಡಿವೆ. ಹುಡುಗಿಗೆ ಕರ್ಣನ ಕಥೆ ಗೊತ್ತಿತ್ತು. “ಪಾಪ” ಎಂದು ಸುಮ್ಮನಾದಳು.

ಅರ್ಥ ಬರೆಯುವ ಕೆಲಸ ಆಮೇಲೆ ಸಲೀಸಾಯಿತು. ಫ್ರೆಂಡ್‌ಶಿಪ್ ಗೆಳೆತನ, ಓನರ್‌ಶಿಪ್ ಒಡೆತನ, ಕಿನ್‌ಶಿಪ್ ನೆಂಟಸ್ತನ. ಅಲ್ಲಿನ ಶಿಪ್ ಮಾಡುವ ಕೆಲಸವನ್ನು ಇಲ್ಲಿ ‘ತನ’ ಮಾಡುತ್ತದೆ ಎಂದು ಅವಳೇ ಕಂಡುಹಿಡಿದಳು. ಆ ಖುಷಿಯಲ್ಲಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ತನ್ನದೇ ಪಟ್ಟಿ ಶುರುಮಾಡಿದಳು: ಬಡತನ, ಜಾಣತನ, ದೊಡ್ಡತನ, ಮನೆತನ, ಕೀರ್ತನ, ಪತನ.

ಕೊನೆಯ ಎರಡನ್ನು ನೋಡಿ ನಾನು ತಡೆದೆ. “ತನ ತೆಗೆದುಬಿಡು, ಉಳಿದದ್ದು ಓದು” ಎಂದೆ. ಬಡ, ಜಾಣ, ದೊಡ್ಡ, ಮನೆ ಎಲ್ಲ ತಮ್ಮ ಕಾಲ ಮೇಲೆ ನಿಂತವು. ಕೀರ್ತನದಲ್ಲಿ ‘ಕೀರ್’ ಉಳಿಯಿತು, ಪತನದಲ್ಲಿ ಬರೀ ‘ಪ’. ಅವು ಸಂಸ್ಕೃತದಿಂದ ಬಂದವು, ಅವುಗಳೊಳಗಿನ ತಕಾರ ಧಾತುವಿಗೇ ಸೇರಿದ್ದು. ಕಣ್ಣಿಗೆ ಒಂದೇ ಥರ ಕಾಣುವ ಅಕ್ಷರಗಳು ಬೇರೆ ಬೇರೆ ಮನೆಯಿಂದ ಬಂದಿರಬಹುದು. ಚಿಂತನ ಎಂಬ ಪದವನ್ನೇ ನೋಡಿ, ಅಲ್ಲಿರುವುದೂ ಗೆಳೆತನದ ತನವಲ್ಲ.

ಇಂಗ್ಲಿಷಿನಲ್ಲೂ ಒಂದು ತಮಾಷೆಯ ತಪ್ಪಿಸಿಕೊಂಡ ಪದವಿದೆ, ಲ್ಯಾಂಡ್‌ಸ್ಕೇಪ್. ಇದೇ ಪ್ರತ್ಯಯದ ಡಚ್ ರೂಪವನ್ನು ಹೊತ್ತುಕೊಂಡು 16ನೇ ಶತಮಾನದ ಕೊನೆಯ ಹೊತ್ತಿಗೆ ಚಿತ್ರಕಾರರ ಜೊತೆ ಇಂಗ್ಲೆಂಡಿಗೆ ಬಂತು. ಮೊದಲು ಅದರರ್ಥ ಹೊಲ, ಗುಡ್ಡ, ಆಕಾಶ ಬರೆದ ಚಿತ್ರ ಎಂದು. ಚಿತ್ರದ ಹೆಸರು ನೆಲಕ್ಕೇ ಅಂಟಿಕೊಂಡದ್ದು ಆಮೇಲೆ.

ರಾತ್ರಿ ಊಟಕ್ಕೆ ಕರೆಯುವ ಹೊತ್ತಿಗೆ ಅವಳು ರಬ್ಬರ್ ಹಿಡಿದು ಹಡಗುಗಳನ್ನು ಒಂದೊಂದಾಗಿ ಅಳಿಸುತ್ತಿದ್ದಳು. ಸ್ಟೀಮ್‌ಶಿಪ್ಪಿನದನ್ನು ಮುಟ್ಟಲಿಲ್ಲ, ಅದಕ್ಕೆ ಹೊಗೆ ಕೊಳವೆ ಸೇರಿಸಿದಳು. ಸ್ಕಾಲರ್‌ಶಿಪ್ಪಿನ ಮುಂದೆ ವಿದ್ಯಾರ್ಥಿವೇತನ ಎಂದು ಬರೆದು ಒಂದು ಗಳಿಗೆ ನಿಂತಳು. ಕೊನೆಯ ಎರಡಕ್ಷರದ ಮೇಲೆ ಬೆರಳಿಟ್ಟು ಮುಚ್ಚಿ ಓದಿಕೊಂಡಳು.

“ಇದೂ ಅಲ್ಲ ಚಿಕ್ಕಪ್ಪ. ಬರೀ ‘ವೇ’ ಉಳೀತು.”