ಹರಿವ ನೀರಿನ ಋಣ

ಮಾನವನು ಪ್ರಕೃತಿಯಿಂದ ಶಕ್ತಿಯನ್ನು ಪಡೆಯುವುದು ತಪ್ಪಲ್ಲ. ಅದರ ಬೆಲೆಯನ್ನು ಯಾರು ತೆತ್ತರೆಂದು ವಿಚಾರಿಸದಿರುವುದು ತಪ್ಪು. ಹೊಗೆಯುಗುಳದ ವಿದ್ಯುತ್ತನ್ನು ನಾವು ಶುದ್ಧವೆನ್ನುತ್ತೇವೆ. ಹೊಗೆ ಕಾಣದ ಮಾತ್ರಕ್ಕೆ ಅದು ಯಾವ ಜೀವಿಯನ್ನೂ ನೋಯಿಸಿಲ್ಲವೆನ್ನಬಹುದೆ?

ಶರಾವತಿಯನ್ನು ನೋಡಿರಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಆ ನದಿ ನಾಡಿಗೆಲ್ಲ ಬೆಳಕನ್ನಿತ್ತಿದೆ. ಮುಳುಗಿದ ಊರುಗಳ ದುಃಖವನ್ನು ನಾವು ಬಲ್ಲೆವು. ಆದರೆ ಇನ್ನೊಂದು ನಷ್ಟ ಹೊನ್ನಾವರದ ಅಳಿವೆಯಲ್ಲಿ ಸದ್ದಿಲ್ಲದೆ ನಡೆಯಿತು. ವಿದ್ಯುದಾಗಾರಗಳಿಂದ ಬೇಸಿಗೆಯಲ್ಲಿಯೂ ಸಿಹಿನೀರು ಇಳಿದುಬರುವುದರಿಂದ ಅಲ್ಲಿಯ ನೀರಿನ ಉಪ್ಪು ತಗ್ಗಿ, ಬಳಚು ಮೊದಲಾದ ಚಿಪ್ಪುಜೀವಿಗಳು ಕ್ಷೀಣಿಸಿದವು. ಅವನ್ನು ಆಯ್ದು ಬದುಕುವವರ ಗಳಿಕೆಯೂ ಕ್ಷೀಣಿಸಿತು. ಉತ್ತರಕ್ಕೆ, ದೊಡ್ಡ ಅಣೆಕಟ್ಟುಗಳಿಲ್ಲದ ಅಘನಾಶಿನಿಯ ಅಳಿವೆಯಲ್ಲಿ ಆ ಸಂಪತ್ತು ಉಳಿದಿದೆ. 2024ರಲ್ಲಿ ಅದು ರಾಮ್ಸರ್ ತಾಣವೆಂದು ಮಾನ್ಯವಾಯಿತು.

ನದಿಯ ಬಳಿಕ ಈಗ ಕಡಲಿನ ಸರದಿ. ಕಡಲ ಪ್ರವಾಹದಲ್ಲಿ ಚಕ್ರಗಳನ್ನಿಳಿಸಿ ವಿದ್ಯುತ್ ಪಡೆಯುವ ಪ್ರಯೋಗಗಳು ಹಲವು ದೇಶಗಳಲ್ಲಿ ನಡೆದಿವೆ. ಉತ್ತರ ಐರ್ಲೆಂಡಿನ ಸ್ಟ್ರ್ಯಾಂಗ್‌ಫರ್ಡ್ ಕೊಲ್ಲಿಯ ಇಕ್ಕಟ್ಟಾದ ಬಾಯಿಯಲ್ಲಿ 2008ರಲ್ಲಿ ಸೀಜೆನ್ ಎಂಬ 1.2 ಮೆಗಾವಾಟ್ ಯಂತ್ರವನ್ನು ನಿಲ್ಲಿಸಿದರು. 16 ಮೀಟರ್ ವ್ಯಾಸದ ಎರಡು ಚಕ್ರಗಳು ಉಬ್ಬರ ಇಳಿತಗಳ ಸೆಳೆತಕ್ಕೆ ತಿರುಗುತ್ತಿದ್ದವು. ಅದೇ ಸೀಲ್ ಎಂಬ ಕಡಲಪ್ರಾಣಿಗಳ ಹಾದಿ. ಆದುದರಿಂದ ಶಬ್ದತರಂಗಗಳ ಮೂಲಕ ನೀರನ್ನು ಕಾಯುತ್ತ, ಸೀಲ್ ಸಮೀಪಿಸಿದೊಡನೆ ಚಕ್ರವನ್ನು ನಿಲ್ಲಿಸುವ ಏರ್ಪಾಡು ಮಾಡಿದರು. ವರ್ಷಗಳ ವೀಕ್ಷಣೆಯಲ್ಲಿ ದೊಡ್ಡ ಹಾನಿ ಕಂಡುಬರಲಿಲ್ಲ. 2019ರ ವೇಳೆಗೆ ಯಂತ್ರವನ್ನು ತೆಗೆದರು. ಒಂದು ಯಂತ್ರದ ಸಾಕ್ಷ್ಯದಿಂದ ನೂರು ಯಂತ್ರಗಳಿಗೆ ಅಪ್ಪಣೆ ಕೊಡಲಾಗದು. ನೂರು ಚಕ್ರಗಳು ಪ್ರವಾಹದ ವೇಗವನ್ನೇ ತಗ್ಗಿಸಿದರೆ, ಅದು ಹೊತ್ತೊಯ್ಯುವ ಹೂಳು, ಆಹಾರ, ಮೀನಿನ ಮರಿಗಳ ಗತಿಯೂ ಬದಲಾದೀತು.

ಸಾವಿರ ಮನೆಗಳ ಬೆಳಕಿಗಾಗಿ ಒಂದು ಪ್ರಾಣಿ ಸತ್ತರೇನೆಂದು ಕೇಳುವವರುಂಟು. ಬೆಳಕು ಬೇಕೊ ಪ್ರಾಣಿ ಬೇಕೊ ಎಂಬುದೇ ಇಲ್ಲಿ ತಪ್ಪು ಪ್ರಶ್ನೆ. ಚಕ್ರವನ್ನು ತಿರುಗಿಸಬಲ್ಲವನಿಗೆ ಅದನ್ನು ನಿಲ್ಲಿಸುವ ಮನಸ್ಸೂ ಇದೆಯೆ ಎಂಬುದೇ ಧರ್ಮದ ಪ್ರಶ್ನೆ.

ಕಡಲಿನಿಂದ ದೂರದ ನಮಗೇಕೆ ಈ ವಿಚಾರ? ನಮ್ಮ ಗುಬ್ಬಿ ಸೀಮೆಯ ಬಿದರೆಹಳ್ಳ ಕಾವಲ್‌ನಲ್ಲಿ 2023ರಿಂದ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆಯಿದೆ. ಅಲ್ಲಿಯ ಯಂತ್ರಕ್ಕೂ ನಮ್ಮ ಮನೆಯ ದೀಪಕ್ಕೂ ವಿದ್ಯುತ್ ಬೇಕು. ಕಾವಲ್ ಎಂಬ ಹೆಸರನ್ನು ಮಾತ್ರ ಮರೆಯದಿರೋಣ. ಅದು ದನಗಳ ಮೇವಿಗಾಗಿ ಕಾದಿರಿಸಿದ ನೆಲ. ಹಿಂದಿನ ಮೈಸೂರಿನ ಅಮೃತಮಹಲ್ ಕಾವಲುಗಳಲ್ಲಿ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂಬ ವಿಂಗಡಣೆಯಿತ್ತು. ಒಂದೆಡೆ ಮೇಯುವಾಗ ಇನ್ನೊಂದೆಡೆ ಹುಲ್ಲು ಚಿಗುರುತ್ತಿತ್ತು. ಕಡಲೂ ಅಂತಹ ಕಾವಲೇ. ಮೇಯಿಸುವ ಹಕ್ಕುಳ್ಳವನಿಗೆ ಕಾಯುವ ಹೊಣೆಯೂ ಉಂಟು.