ಸೆಳವು ಮತ್ತು ಚುಕ್ಕಾಣಿ

ಊರು ಬಿಟ್ಟು ಮುಂಬಯಿಗೆ ಬಂದ ನಮ್ಮಲ್ಲಿ ಹಲವರಿಗೆ ಒಂದು ಮಾತು ಬಾಯಿಪಾಠವಾಗಿದೆ: "ಏನು ಮಾಡುವುದು, ಪರಿಸ್ಥಿತಿ ಹಾಗಿತ್ತು." ಊರು ಬಿಟ್ಟದ್ದಕ್ಕೂ ಇದೇ ಸಮಾಧಾನ, ಮಕ್ಕಳಿಗೆ ಕನ್ನಡ ಓದಲು, ಬರೆಯಲು ಕಲಿಸದೆ ಹೋದುದಕ್ಕೂ ಇದೇ ಸಮಾಧಾನ. ನಾನೂ ನಲವತ್ತಕ್ಕೂ ಹೆಚ್ಚು ವರ್ಷ ಇದನ್ನು ಹೇಳಿಕೊಂಡು ಬಂದವನೇ. ಈ ಮಾತಿನಲ್ಲಿ ನಿಜವೆಷ್ಟು, ನೆಪವೆಷ್ಟು ಎಂದು ಯೋಚಿಸುವಂತೆ ಮಾಡಿದ್ದು ದಿವಾದ ಖಾಡಿಯಲ್ಲಿ ನನ್ನ ಕೈಗೆ ಸಿಕ್ಕ ಒಂದು ಪುಟ್ಟ ಮೋಟಾರು.

ದಿವಾ ಎಂದೊಡನೆ ನಮಗೆ ನೆನಪಾಗುವುದು ರೈಲ್ವೆ ಜಂಕ್ಷನ್ನು. ಒಂದು ಹಾದಿ ವಸಾಯಿಗೆ, ಇನ್ನೊಂದು ಪನ್ವೇಲಿಗೆ. ಲೋಕಲ್ಲಿನ ನೂಕುನುಗ್ಗಲಿನ ನಡುವೆ ಸಮೀಪದಲ್ಲೇ ಖಾಡಿಯಿದೆ ಎಂಬುದು ಎಷ್ಟೋ ಮಂದಿಗೆ ನೆನಪೇ ಇರುವುದಿಲ್ಲ. ಕಲ್ಯಾಣ, ಡೊಂಬಿವಲಿಗಳನ್ನು ದಾಟಿ ಬರುವ ಉಲ್ಹಾಸ ನದಿ ಇಲ್ಲಿ ಅಗಲವಾಗಿ ಮುಂಬ್ರಾ, ಠಾಣೆಗಳ ಕಡೆಗೆ ಹರಿಯುತ್ತದೆ. ಆಚೆಗೆ ಭಿವಂಡಿ ತಾಲೂಕಿನ ದಡ. ಕಡಲಿನ ಭರತ-ಇಳಿತಗಳು ಇಲ್ಲಿಯವರೆಗೂ ಮುಟ್ಟುವುದರಿಂದ ಸುಮಾರು ಆರು ಗಂಟೆಗೊಮ್ಮೆ ನೀರು ದಿಕ್ಕು ಬದಲಿಸುತ್ತದೆ. ದಡದ ಹಳ್ಳಿಗಳಲ್ಲಿ ಆಗ್ರಿ ಮತ್ತು ಕೋಳಿ ಜನ ಹಿಂದಿನಿಂದ ಬಾಳಿಕೊಂಡು ಬಂದಿದ್ದಾರೆ.

ನನ್ನೊಡನೆ ದುಡಿದು ನಿವೃತ್ತನಾದ ಕೋಳಿ ಗೆಳೆಯನೊಬ್ಬನ ಅಣ್ಣನಿಗೆ ಮೀನುದೋಣಿಯಿದೆ. ಒಂದು ಭಾನುವಾರ ಮೊಮ್ಮಗನನ್ನು ಕರೆದುಕೊಂಡು ಅದರಲ್ಲಿ ಹೋದೆ. ದೋಣಿಯೊಳಗೆ ಡೀಸೆಲ್ ಎಂಜಿನ್ನು, ಹಿಂದುಗಡೆ ಚುಕ್ಕಾಣಿ. ಅದಲ್ಲದೆ ಹಿಂಬದಿಯ ಬಲಮೂಲೆಯಲ್ಲಿ ಆಪತ್ಕಾಲಕ್ಕೆಂದು ತೂಗುಹಾಕಿದ ಒಂದು ಸಣ್ಣ ಔಟ್‌ಬೋರ್ಡ್ ಮೋಟಾರು. ನಡುನೀರಿಗೆ ಬಂದಾಗ ದೊಡ್ಡ ಎಂಜಿನ್ನಿನ ತಂಪುನೀರಿನ ಕೊಳವೆಗೆ ಪ್ಲಾಸ್ಟಿಕ್ ಸಿಕ್ಕಿಕೊಂಡು ಎಂಜಿನ್ನು ಕಾದುಹೋಯಿತು. ಅವರು ಅದನ್ನು ನಿಲ್ಲಿಸಿದರು. ಇಳಿತದ ಹೊತ್ತು, ಸೆಳವು ನಮ್ಮನ್ನು ಮುಂಬ್ರಾದ ಕಡೆಗೆ ಒಯ್ಯತೊಡಗಿತು. ಅವರು ಗಾಬರಿಯಾಗಲಿಲ್ಲ. ಸಣ್ಣ ಮೋಟಾರನ್ನು ನೀರಿಗಿಳಿಸಿ, ಹಗ್ಗ ಜಗ್ಗಿ ಚಾಲೂ ಮಾಡಿ, "ಅಣ್ಣಾ, ನೀವು ಸಮುದ್ರದ ಕಡೆಯವರಲ್ಲವೆ, ಹಿಡಿಯಿರಿ. ನಾನು ಎಂಜಿನ್ ನೋಡುತ್ತೇನೆ" ಎಂದು ಮರಾಠಿಯಲ್ಲಿ ಹೇಳಿ ಒಳಗೆ ಬಗ್ಗಿದರು.

ನಾನು ಹುಟ್ಟಿದ್ದು ಮಲ್ಪೆಯ ಕಡೆ. ಆದರೆ ಮೋಟಾರಿನ ಹಿಡಿ ಮುಟ್ಟಿದ್ದು ಅದೇ ಮೊದಲು. ಎಡಕ್ಕೆ ಹೋಗಬೇಕೆಂದು ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗಿತು. ಹೆದರಿ ರೇಸು ಇಳಿಸಿದೆ. ಆಮೇಲೆ ಹಿಡಿಯನ್ನು ಎತ್ತ ತಿರುಗಿಸಿದರೂ ದೋಣಿ ಕೇಳಲೊಲ್ಲದು. "ರೇಸು ಬಿಡಬೇಡಿ, ಬಿಟ್ಟರೆ ನೀರು ಹೇಳಿದಂತೆ ದೋಣಿ!" ಎಂದು ಅವರು ಒಳಗಿನಿಂದಲೇ ಕೂಗಿದರು. ಇಂಥ ಮೋಟಾರಿಗೆ ಬೇರೆ ಚುಕ್ಕಾಣಿ ಇಲ್ಲ. ಫ್ಯಾನು ನೀರನ್ನು ಎತ್ತ ತಳ್ಳುತ್ತದೋ ಅದೇ ಚುಕ್ಕಾಣಿ. ತಳ್ಳುವುದು ನಿಂತರೆ ತಿರುಗಿಸುವುದೂ ನಿಂತಿತು. ಇನ್ನೊಂದು ತೊಡಕು: ಮೋಟಾರು ನಡುವಿನಲ್ಲಿರದೆ ಬಲಮೂಲೆಯಲ್ಲಿದ್ದುದರಿಂದ ದೋಣಿಯ ಮೂತಿ ಸದಾ ಎಡಕ್ಕೆ ವಾಲುತ್ತಿತ್ತು. ನೆಟ್ಟಗೆ ಹೋಗಬೇಕಾದರೆ ಹಿಡಿಯನ್ನು ತುಸು ಎಡಕ್ಕೆ ಒತ್ತಿ ಹಿಡಿದೇ ಇರಬೇಕು.

ಅವರು ತಲೆ ಎತ್ತಿ ನೋಡಿ, ಮೂತಿಯನ್ನು ಇಳಿಯಬೇಕಾದ ಕಟ್ಟೆಯ ಕಡೆಗಲ್ಲ, ಅದಕ್ಕಿಂತ ಬಹಳ ಮೇಲಕ್ಕೆ, ಸೆಳವಿಗೆ ಓರೆಯಾಗಿ ಇಡಲು ಹೇಳಿದರು. "ಅಜ್ಜ, ಕಟ್ಟೆ ಇತ್ತ ಇದೆ, ನೀವು ಅತ್ತ ಹೋಗುತ್ತಿದ್ದೀರಲ್ಲ!" ಎಂದ ಮೊಮ್ಮಗ. ಆದರೆ ನೀರು ಕೆಳಕ್ಕೆ ಎಳೆಯುತ್ತ, ಮೋಟಾರು ಮೇಲಕ್ಕೆ ತಳ್ಳುತ್ತ, ದೋಣಿ ನಿಧಾನವಾಗಿ ಕಟ್ಟೆಯ ಬಳಿಗೇ ಬಂದು ಸೇರಿತು.

ದೈವ ದೊಡ್ಡದೋ ಪುರುಷಪ್ರಯತ್ನ ದೊಡ್ಡದೋ ಎಂಬುದು ನಮ್ಮಲ್ಲಿ ಹಳೆಯ ಚರ್ಚೆ. ಎರಡೂ ಬೇಕು ಎಂದು ಹೇಳಿ ಹಿರಿಯರು ಮುಗಿಸಿದರು. ಅದು ಸರಿಯೇ. ಆದರೆ ಸಾಮಾನ್ಯನಿಗೆ ಉಳಿಯುವ ಪ್ರಶ್ನೆ ಬೇರೆ. ನನ್ನ ಶಕ್ತಿ ಅಲ್ಪ, ಸೆಳವು ಬಲವಾದದ್ದು. ಹಾಗಿರುವಾಗ ನನ್ನ ಹೊಣೆ ಎಷ್ಟು? ಸೆಳವನ್ನು ಸೋಲಿಸಲಿಲ್ಲವೆಂದು ಆ ಪುಟ್ಟ ಮೋಟಾರನ್ನು ಯಾರೂ ದೂರಲಾರರು. ಆದರೆ ಅದು ಓಡುತ್ತಿತ್ತೇ, ಮೂತಿಯನ್ನು ಎತ್ತ ಇಟ್ಟಿದ್ದೆ ಎಂದು ಹಿಡಿ ಹಿಡಿದವನನ್ನು ಕೇಳಬಹುದು. ಕೇಳಲೂ ಬೇಕು.

ನನ್ನನ್ನೇ ಕೇಳಿಕೊಂಡೆ. ನನ್ನ ತಂದೆ ರಂಪಣಿ ಬಲೆಯವರು. ದಡದಲ್ಲಿ ನಿಂತು ಹತ್ತಾರು ಮಂದಿ ಕೂಡಿ ಎಳೆಯುವ ಬಲೆ ಅದು. ಹಗ್ಗ ಹಿಡಿದವನಿಗೆಲ್ಲ ಪಾಲು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಕಡಲಲ್ಲಿ ಬಲೆಗೆ ಬೀಳತೊಡಗಿ ರಂಪಣಿ ಸೊರಗಿತು. 1979ರಲ್ಲಿ, ಹದಿನೆಂಟರ ಹರೆಯದಲ್ಲಿ, ನಾನು ಮುಂಬಯಿಗೆ ಬಂದೆ. ಅದು ಸೆಳವು, ಅದಕ್ಕಾಗಿ ನನ್ನನ್ನು ನಾನು ದೂರಿಕೊಳ್ಳುವುದಿಲ್ಲ.

ಆದರೆ 1991ರಲ್ಲಿ ತಂದೆ, ಚೌತಿಗೆ ಒಮ್ಮೆ ಬಂದು ಹೋಗು ಎಂದು ಕಾಗದ ಬರೆಸಿದರು. ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದದ್ದು 1998ರಲ್ಲಿ. ಆಗ ಬಸ್ಸೇ ಗತಿ, ಒಂದು ಹಗಲು ಒಂದು ರಾತ್ರಿಯ ದಾರಿ. "ರಜೆ ಸಿಗಲಿಲ್ಲ" ಎಂದು ಉತ್ತರ ಬರೆದೆ. ನಿಜವೇನೆಂದರೆ ನಾನು ರಜೆ ಕೇಳಿಯೇ ಇರಲಿಲ್ಲ. ದೀಪಾವಳಿಗೆ ಮೊದಲೇ ಅವರು ತೀರಿಕೊಂಡರು. ಕೇಳಿದ್ದರೆ ಸಿಗುತ್ತಿತ್ತೋ ಇಲ್ಲವೋ ಹೇಳಲಾರೆ. ಆದರೆ ಕೇಳುವುದಷ್ಟೇ ನನ್ನ ಮೋಟಾರು. ಅದನ್ನು ನಾನೇ ನಿಲ್ಲಿಸಿದ್ದೆ. ಇಷ್ಟು ವರ್ಷವೂ ಆ ತಪ್ಪನ್ನು ಸೆಳವಿನ ಲೆಕ್ಕಕ್ಕೆ ಬರೆದಿಟ್ಟಿದ್ದೆ.

ಇದರಲ್ಲಿ ಮೂಲೆಯ ಮೋಟಾರಿನ ಪಾಠವೂ ಇದೆ. ನಮ್ಮ ಬುದ್ಧಿ ನಡುವಿನಲ್ಲಿರುವುದಿಲ್ಲ. ಸ್ವಂತ ಅನುಕೂಲದ ಮೂಲೆಯಲ್ಲಿ ಕುಳಿತು ನಮ್ಮನ್ನು ಒಂದು ಕಡೆಗೇ ವಾಲಿಸುತ್ತಿರುತ್ತದೆ. ಕೈಯನ್ನು ಸಡಿಲಬಿಟ್ಟು, ನೆಟ್ಟಗೆ ಹೋಗುತ್ತಿದ್ದೇನೆಂದು ನಂಬಿದವನು ಸುತ್ತು ಹೊಡೆಯುತ್ತಾನೆ. ಸದಾ ತುಸು ಒತ್ತಿ ಹಿಡಿದೇ ಇರಬೇಕು. ಒಂದು ದಿನದ ಸಂಕಲ್ಪದಿಂದ ಆಗುವ ಕೆಲಸ ಇದಲ್ಲ.

ಹಾಗೆಂದು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಎರಡು ಪಾಳಿ ದುಡಿದು ಮಕ್ಕಳ ಮುಖ ನೋಡಲೂ ಬಿಡುವಿಲ್ಲದವನಿಗೆ, ಕನ್ನಡ ಕಲಿಸಲಿಲ್ಲವೇಕೆ ಎಂದು ಕೇಳುವುದು ಕ್ರೌರ್ಯ. ಅವನು ಮಲಗುವ ಮುನ್ನ ಕನ್ನಡದಲ್ಲಿ ಒಂದು ಕಥೆ ಹೇಳಿದನೇ, ಅದೇ ಅವನ ಓರೆಮೂತಿ. ಸಮಯವೂ ಸೌಕರ್ಯವೂ ಇದ್ದ ನನ್ನಂಥವನಿಗೆ ಪ್ರಶ್ನೆ ಇನ್ನೂ ಬಿಗಿಯಾಗಬೇಕು.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. 10 ಅಶ್ವಶಕ್ತಿಯ ಒಳಗಿನ ಮೋಟಾರಿನ ನಾಡದೋಣಿಗಳಿಗೆ ಮಾತ್ರ ಅವಕಾಶ. ಕಡಲು ಅತ್ಯಂತ ಒರಟಾಗಿರುವ ತಿಂಗಳುಗಳಲ್ಲಿ ಅದಕ್ಕಿಳಿಯುವುದು ಅತಿ ಸಣ್ಣ ಮೋಟಾರು! ಊರಿನಲ್ಲೇ ಉಳಿದ ನನ್ನ ತಮ್ಮನ ಮಗ ಹಾಗೆ ಹೋಗುವವರಲ್ಲಿ ಒಬ್ಬ. ಅಲೆ ತೀರ ಜೋರಾದ ದಿನ ಹೋಗುವುದಿಲ್ಲ. ಹೋದ ದಿನ ಹಿಡಿಯಿಂದ ಕೈ ತೆಗೆಯುವುದಿಲ್ಲ.

ಈ ವರ್ಷ ಚೌತಿಗೆ ಊರಿಗೆ ಹೋಗಲು ಠಾಣೆಯಿಂದ ಮತ್ಸ್ಯಗಂಧಾ ಗಾಡಿಗೆ ಟಿಕೆಟು ತೆಗೆಸಿದ್ದೇನೆ. ಕಾಗದ ಬರೆಸಿದವರು ಈಗಿಲ್ಲ, ತಮ್ಮನಿದ್ದಾನೆ. ಮೊಮ್ಮಗನೂ ಬರುತ್ತಾನೆ. ರಜೆ ಸಿಗಲಿಲ್ಲ ಎಂದು ಅಂದು ಬರೆದದ್ದು ಸುಳ್ಳೆಂದು ತಮ್ಮನಿಗೆ ಹೇಳಬೇಕಾಗಿದೆ.